ಕಾಡಿನ ಗೈಡ್ ಆಗಲು ದುಡ್ಡು ಕೊಟ್ಟು ಕಲಿಯಬೇಕೆ?

ಕಳೆದ ರಂಜಾನ್‌ನಲ್ಲಿ ಒಂದು ಸಂಜೆ ಇಫ್ತಾರ್ ಮುಗಿಸಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಖಾಲಾ ಅವರ ಮಗ ಒಂದು ಬಣ್ಣದ ಕಾಗದ ತಂದು ಎಲ್ಲರ ಮುಂದೆ ಇಟ್ಟರು. ಅವರು ನನಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ಭಾಯಿ ಎನ್ನುತ್ತೇನೆ. ಪಿಯುಸಿ ಮುಗಿದ ಮೇಲೆ ಒಂದು ವರ್ಷದಿಂದ ಖಾಲು ಅವರ ಸೋಫಾ ರಿಪೇರಿ ಅಂಗಡಿಯಲ್ಲಿ ಕೈ ಜೋಡಿಸುತ್ತಿದ್ದಾರೆ. ಆ ಕಾಗದ ಒಂದು ಖಾಸಗಿ ಸಂಸ್ಥೆಯ ಜಾಹೀರಾತು. ಕೆಲವು ತಿಂಗಳು ತರಬೇತಿ ಪಡೆದರೆ ಕಾಡಿನ ಗೈಡ್ ಆಗಬಹುದು, ದೇಶ ವಿದೇಶಗಳಲ್ಲಿ ಕೆಲಸ ಸಿಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಾಮು ಅದನ್ನು ಓದಿ, 'ಯೇ ಬೀ ಕೋಯಿ ಕಾಮ್ ಹೈ ಕ್ಯಾ?' ಎಂದರು. ಖಾಲಾ ಏನೂ ಹೇಳಲಿಲ್ಲ. ಶುಲ್ಕ ಕಟ್ಟಬೇಕಾದರೆ ಅವರು ಮೂರು ವರ್ಷದಿಂದ ಕಟ್ಟುತ್ತಿರುವ ಚೀಟಿಯನ್ನೇ ಎತ್ತಬೇಕಿತ್ತು.

ಅಬ್ಬಾ ನನ್ನ ಕಡೆ ತಿರುಗಿ, 'ನೀನು ಕಾಮರ್ಸ್ ಓದುತ್ತಿದ್ದೀಯಲ್ಲ, ಲಾಭವೋ ನಷ್ಟವೋ ಲೆಕ್ಕ ಹಾಕಿ ಹೇಳು' ಎಂದರು. ತಮಾಷೆಗೆ ಹೇಳಿದ್ದರೂ ಭಾಯಿ ನನ್ನ ಮುಖ ನೋಡಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಆದ್ದರಿಂದ ನಾನು ನಿಜವಾಗಿಯೂ ಲೆಕ್ಕ ಹಾಕಿದೆ. ನಮ್ಮ ಕಾಲೇಜಿನಲ್ಲೂ ಡಾಕ್ಟರ್, ಎಂಜಿನಿಯರ್, ಸಿಎ ಬಿಟ್ಟು ಬೇರೆ ಏನಾದರೂ ಆಗಬೇಕು ಎಂದುಕೊಳ್ಳುವವರು ಇದ್ದಾರೆ. ಅವರಿಗೂ ಉಪಯೋಗವಾಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಭಾಯಿಗೆ ಈ ಹುಚ್ಚು ಹಿಡಿದದ್ದು ಪುಸ್ತಕಗಳಿಂದ. ಹೈಸ್ಕೂಲಿನಲ್ಲಿ ಅವರ ಕನ್ನಡ ಮೇಷ್ಟ್ರು, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅವರ ಬೇಟೆಯ ಕತೆಗಳನ್ನು ಓದಲು ಕೊಟ್ಟಿದ್ದರಂತೆ. ಆಂಡರ್ಸನ್ ಬೆಂಗಳೂರಿನವರು, ನರಭಕ್ಷಕ ಹುಲಿ ಚಿರತೆಗಳ ಬೆನ್ನು ಹತ್ತಿದವರು. ಅದನ್ನು ಓದಿ ಭಾಯಿ ಮೊದಲು ಆಸೆಪಟ್ಟದ್ದು ಸಫಾರಿ ಗೈಡ್ ಆಗಲು ಅಲ್ಲ, ಬೇಟೆಯ ಗೈಡ್ ಆಗಲು. ಆಫ್ರಿಕಾದಲ್ಲಿ ಇಂದಿಗೂ ಅಂಥ ಕೆಲಸ ಇದೆ ಎಂದು ಅವರು ಯಾವುದೋ ವಿಡಿಯೊದಲ್ಲಿ ನೋಡಿದ್ದರು. ಹಾಗಾಗಿ ನನ್ನ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅಂಥ ಕೆಲಸ ಇರುವುದು ನಿಜ. ದಕ್ಷಿಣ ಆಫ್ರಿಕಾದಲ್ಲಿ ಹೊರದೇಶದ ಬೇಟೆಗಾರನು ಲೈಸೆನ್ಸ್ ಪಡೆದ ವೃತ್ತಿಪರ ಬೇಟೆಗಾರನ ಜೊತೆಯಲ್ಲೇ ಹೋಗಬೇಕು ಎಂಬ ನಿಯಮವಿದೆ. ಅಮೆರಿಕದ ಅಲಾಸ್ಕಾದಲ್ಲಿ ಬೇರೆ ರಾಜ್ಯದವರು ಕಂದು ಕರಡಿಯನ್ನು ಬೇಟೆಯಾಡಬೇಕಾದರೆ ಗೈಡ್ ಇರಬೇಕು, ಇಲ್ಲವೇ ಅಲ್ಲಿಯೇ ನೆಲೆಸಿರುವ ಹತ್ತಿರದ ಸಂಬಂಧಿ ಜೊತೆಗಿರಬೇಕು. ಇಂಥ ಕೆಲಸಕ್ಕಾಗಿಯೇ ತರಬೇತಿ ಶಾಲೆಗಳೂ ಇವೆ. ಬೇಟೆಯಿಂದ ಬರುವ ಹಣದಿಂದಲೇ ಜಮೀನಿನ ಒಡೆಯರು ಕಾಡುಪ್ರಾಣಿಗಳನ್ನು ಉಳಿಸಿಕೊಂಡಿದ್ದಾರೆ ಎಂದು ಅಲ್ಲಿ ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಭೂಪಟದಲ್ಲಿ ಸ್ವಲ್ಪ ಆಚೆ ನೋಡಿ. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ, 2019ರಲ್ಲಿ ನಿಷೇಧವನ್ನು ತೆಗೆಯಿತು. ಅಂದರೆ ಈ ಕೆಲಸ ಸರ್ಕಾರದ ಒಂದು ಆದೇಶದ ಮೇಲೆ ನಿಂತಿದೆ. ಆದೇಶ ಬದಲಾದ ದಿನ ಗೈಡ್‌ನ ಲೈಸೆನ್ಸ್ ಬರೀ ಕಾಗದ.

ಇದು ನಮ್ಮ ದೇಶದಲ್ಲಿ ಆಗಿ ಹೋಗಿರುವ ಕತೆಯೇ. ಶಿಕಾರಿ ಎಂಬ ಮಾತು ನಮ್ಮ ಮನೆಯ ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ಶಿಕಾರಿ ಕಂಪನಿಗಳೇ ಇದ್ದವು. ವಿದೇಶಿಯರು ಹಣ ಕಟ್ಟಿ ಬರುತ್ತಿದ್ದರು. ಹುಲಿ ಓಡಾಡುವ ಜಾಗ ಗುರುತಿಸುವವರು, ಕೋಣ ಕಟ್ಟುವವರು, ಮಚಾನು ಕಟ್ಟುವವರು, ಸದ್ದು ಮಾಡಿ ಪ್ರಾಣಿಯನ್ನು ಎಬ್ಬಿಸುವವರು, ಹೀಗೆ ಎಷ್ಟೋ ಜನರ ಹೊಟ್ಟೆಪಾಡು ಅದರಲ್ಲಿತ್ತು. 1970ರಲ್ಲಿ ಹುಲಿ ಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಯಿತು, ನಮ್ಮ ಬಂಡೀಪುರ ಅದರ ಮೊದಲ ಒಂಬತ್ತು ಮೀಸಲುಗಳಲ್ಲಿ ಒಂದು. ಕೆಲವು ಪ್ರಾಣಿಗಳಿಗೆ ಉಳಿದಿದ್ದ ಲೈಸೆನ್ಸ್ ಬೇಟೆಯೂ 1991ರ ತಿದ್ದುಪಡಿಯಿಂದ ಮುಗಿಯಿತು. ಹಾಗಾಗಿ ಇಂದು ಭಾರತದಲ್ಲಿ ಬೇಟೆಯ ಗೈಡ್ ಎಂಬ ಕೆಲಸವೇ ಇಲ್ಲ. ಯಾರಾದರೂ ಕೊಡುತ್ತೇನೆ ಎಂದರೆ ಅದು ಅಪರಾಧಕ್ಕೆ ಕರೆದಂತೆ.

ನನಗೆ ಇದರಲ್ಲಿ ಬೇಸರವೇನೂ ಇಲ್ಲ. ಬರೀ ಆಟಕ್ಕಾಗಿ ಜೀವ ತೆಗೆಯಬಾರದು ಎಂದು ನಾವು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಹಜ್‌ಗೆ ಹೋಗಿ ಇಹ್ರಾಮ್ ಧರಿಸಿದವರು ಕಾಡುಪ್ರಾಣಿಯ ಬೇಟೆಯನ್ನೇ ಆಡುವಂತಿಲ್ಲ. ಅದು ಹಾಗಿರಲಿ, ಬರೀ ಕಾಮರ್ಸ್ ಕಣ್ಣಿನಿಂದ ನೋಡಿದರೂ ಬೇಟೆ ಕೆಟ್ಟ ವ್ಯಾಪಾರ. ಕೊಂದ ಹುಲಿಯನ್ನು ಒಂದೇ ಸಲ ಮಾರಬಹುದು. ಬದುಕಿರುವ ಹುಲಿಯನ್ನು ದಿನವೂ ತೋರಿಸಬಹುದು. ರಣಥಂಬೋರಿನ ಮಛಲಿ ಎಂಬ ಹೆಣ್ಣು ಹುಲಿ 2016ರಲ್ಲಿ ಸಾಯುವವರೆಗೆ ಎಷ್ಟು ವರ್ಷ, ಎಷ್ಟು ಸಾವಿರ ಜನರಿಗೆ ಕಾಣಿಸಿಕೊಂಡಿತು! ಮೊದಲನೆಯದು ಬಂಡವಾಳವನ್ನೇ ತಿನ್ನುವುದು, ಎರಡನೆಯದು ಬಡ್ಡಿಯಲ್ಲಿ ಬದುಕುವುದು. ಬೇಟೆ ನಿಂತದ್ದರಿಂದ ಆ ಬಂಡವಾಳ ಬೆಳೆದಿದೆ ಕೂಡ. 2022ರ ಅಂದಾಜಿನಲ್ಲಿ ಕರ್ನಾಟಕ ಒಂದರಲ್ಲೇ 563 ಹುಲಿಗಳಿವೆ.

ಹಾಗಾದರೆ ಬೇಟೆ ನಿಂತಾಗ ಆ ಹಳೆಯ ಗೈಡ್‌ಗಳು ಏನಾದರು? ಎಲ್ಲರ ಕತೆ ಯಾರೂ ಬರೆದಿಟ್ಟಿಲ್ಲ. ಆದರೆ ನಮಗೆ ಹತ್ತಿರದ ಒಂದು ಉದಾಹರಣೆ ಇದೆ. ಜಾನ್ ವೇಕ್‌ಫೀಲ್ಡ್ ಎಂಬುವವರು 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿದವರು, ಚಿಕ್ಕಂದಿನಿಂದ ಬೇಟೆಯಲ್ಲೇ ಬೆಳೆದವರು. 1980ರಲ್ಲಿ ನಮ್ಮ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿದಾಗ ಅವರು ಕಬಿನಿಗೆ ಬಂದರು. 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದು ಜನರಿಗೆ ಕಾಡು ತೋರಿಸುವ ಕೆಲಸವನ್ನು ಬೆಳೆಸಿದರು. ಕೋವಿ ಕೆಳಗಿಟ್ಟ ಮೇಲೂ ಅವರಿಗೆ ಕೆಲಸ ಇತ್ತು, ಏಕೆಂದರೆ ಅವರಿಗೆ ಕಾಡು ಗೊತ್ತಿತ್ತು. ಬರೀ ಗುರಿ ಹೊಡೆಯಲು ಕಲಿತವನಿಗೆ 1972ರ ನಂತರ ಏನು ಉಳಿದಿರಬಹುದು?

ಇನ್ನೊಂದು ಉದಾಹರಣೆ ನಮ್ಮ ಕಾಮರ್ಸ್ ವಿಭಾಗದವರಿಗೆ ಇಷ್ಟವಾಗುತ್ತದೆ. ಸಲೀಂ ಅಲಿಯವರು ಹುಡುಗರಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಚ್ಚಿ ಹೊಡೆದರು. ಅದರ ಕತ್ತಿನ ಮೇಲೆ ಹಳದಿ ಬಣ್ಣ ಇತ್ತು. ಇದು ಯಾವ ಹಕ್ಕಿ ಎಂದು ಕೇಳಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು, ಅವರ ಜೀವನವೇ ಬದಲಾಯಿತು. ಇದು ಹಲವರಿಗೆ ಗೊತ್ತು. ಆದರೆ ಅವರು ಮುಂಬೈಯ ದಾವರ್ಸ್ ಕಾಮರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಅಕೌಂಟೆನ್ಸಿ ಓದಿದ್ದರು, ಅದರ ಜೊತೆಗೇ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಕೇಳಿದ್ದರು ಎಂಬುದು ನನಗೂ ಈಚೆಗೆ ತಿಳಿಯಿತು. ವಿಶ್ವವಿದ್ಯಾಲಯದ ಪದವಿ ಇಲ್ಲ ಎಂದು ಒಂದು ದೊಡ್ಡ ಹುದ್ದೆ ಅವರ ಕೈತಪ್ಪಿತು. 1926ರಲ್ಲಿ ಅವರಿಗೆ ಸಿಕ್ಕಿದ್ದು ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಕೆಲಸ! ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದೂ ಅವರೇ, ಅವರ ಮಾತಿನ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದೂ ನಮ್ಮ ಜಿಲ್ಲೆಯ ಪಕ್ಕದಲ್ಲೇ. ಅದಕ್ಕೇ 'ಗೈಡ್ ಎಂದರೆ ಏನು ಕೆಲಸ' ಎಂದು ಕೇಳಿದ ಮಾಮುಗೆ ನಾನು ಮೊದಲು ಹೇಳಿದ್ದು ಸಲೀಂ ಅಲಿಯವರ ಹೆಸರನ್ನು. ಅವರು ಸ್ವಲ್ಪ ಮೆತ್ತಗಾದರು.

ಕೆಲಸ ಗೌರವದ್ದು ಎಂದು ಒಪ್ಪಿಕೊಂಡರೂ ತರಬೇತಿಗೆ ದುಡ್ಡು ಕೊಡಬೇಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಈಗ ಅದರ ಲೆಕ್ಕ. ಇಲ್ಲಿನ ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ನಾನು ಇಟ್ಟುಕೊಂಡವು. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಶುಲ್ಕ 1,50,000 ರೂಪಾಯಿ ಎಂದಿಟ್ಟುಕೊಳ್ಳೋಣ. ತರಬೇತಿ ಮುಗಿದ ಮೇಲೆ ರೆಸಾರ್ಟ್‌ನಲ್ಲಿ ತಿಂಗಳಿಗೆ 15,000 ಸಂಬಳ, ಊಟ ವಸತಿ ಅವರದೇ. ತಿಂಗಳಿಗೆ 8,000 ಉಳಿಸಿದರೆ ಸುಮಾರು 19 ತಿಂಗಳಲ್ಲಿ ಶುಲ್ಕ ವಾಪಸ್. ಜಾಹೀರಾತಿನವರು ಫೋನಿನಲ್ಲಿ ಭಾಯಿಗೆ ಹೇಳಿದ್ದು ಇಂಥದೇ ಲೆಕ್ಕ. ಕೇಳಲು ಚೆನ್ನಾಗಿದೆ.

ಆದರೆ ಈ ಲೆಕ್ಕ ತಪ್ಪು. ಕೋರ್ಸ್ ಮಾಡದೆ ಅದೇ ರೆಸಾರ್ಟ್‌ಗೆ ಸಹಾಯಕನಾಗಿ ಸೇರಿದರೆ ಎಷ್ಟು ಸಿಗುತ್ತದೆ ಎಂದು ಅವರು ಹೇಳಲಿಲ್ಲ. ಅದು 10,000, ಅದರಲ್ಲಿ ಉಳಿಯುವುದು 4,000 ಎಂದುಕೊಳ್ಳಿ. ಹಾಗಾದರೆ ಕೋರ್ಸ್‌ನಿಂದ ಬಂದ ಹೆಚ್ಚುವರಿ ಉಳಿತಾಯ ತಿಂಗಳಿಗೆ 4,000 ಮಾತ್ರ. 1,50,000 ವಾಪಸ್ ಬರಲು ಮೂರು ವರ್ಷದ ಮೇಲೆ ಬೇಕು. ಇನ್ನೂ ಒಂದು ವಿಷಯ ಇದೆ. ಸಹಾಯಕನಾಗಿ ಸೇರಿದವನು ಒಂದು ವರ್ಷ ಚೆನ್ನಾಗಿ ಕಲಿತು ಅದೇ 15,000ಕ್ಕೆ ಬಂದರೆ, ಕೋರ್ಸ್ ಮಾಡಿದವನಿಗೆ ಸಿಕ್ಕ ಮುನ್ನಡೆ ಒಂದೇ ವರ್ಷದ್ದು, ಅಂದರೆ 48,000 ರೂಪಾಯಿ. 48,000ದ ವಸ್ತುವಿಗೆ ಒಂದೂವರೆ ಲಕ್ಷ ಕೊಟ್ಟಂತಾಯಿತು. ಕೋರ್ಸ್ ನಡೆಯುವ ತಿಂಗಳುಗಳಲ್ಲಿ ಅಂಗಡಿಯಿಂದ ಕೈತಪ್ಪುವ ಸಂಪಾದನೆಯನ್ನು ನಾನು ಇನ್ನೂ ಸೇರಿಸಿಯೇ ಇಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಅವಕಾಶ ವೆಚ್ಚ ಎಂಬ ಪಾಠ ಓದುವಾಗ ಇದು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಎಂದಷ್ಟೇ ಅಂದುಕೊಂಡಿದ್ದೆ. ಖಾಲಾ ಅವರ ಚೀಟಿಯ ಪಕ್ಕ ಇಟ್ಟು ನೋಡಿದಾಗ ಅದರ ತೂಕ ತಿಳಿಯಿತು.

ಇದಕ್ಕೆ ಅಪಾಯದ ಲೆಕ್ಕವೂ ಸೇರಬೇಕು. ಬೇಟೆಯ ಗೈಡ್‌ನಂತೆಯೇ ಸಫಾರಿ ಗೈಡ್‌ನ ಕೆಲಸವೂ ಅನುಮತಿಯ ಮೇಲೆಯೇ ನಿಂತಿದೆ. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, ಅಕ್ಟೋಬರ್‌ನಲ್ಲಿ ಅದನ್ನು ಸಡಿಲಿಸಿತು. 2020ರಲ್ಲಿ ಕೊರೊನಾ ಬಂದು ಎಲ್ಲವೂ ಮುಚ್ಚಿತು. 2025ರ ನವೆಂಬರ್‌ನಲ್ಲಿ ಕಾಡಂಚಿನ ಜನರ ಮೇಲೆ ಹುಲಿ ದಾಳಿಗಳಾಗಿ ಸಾವುಗಳಾದ ಮೇಲೆ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ನಮ್ಮ ಸರ್ಕಾರ ಆದೇಶಿಸಿತು. ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢದಂಥ ಕಡೆ ಪ್ರತಿ ಮಳೆಗಾಲ ಕಾಡಿನ ಒಳಭಾಗ ಮುಚ್ಚುತ್ತದೆ. ಈ ಆದೇಶಗಳು ತಪ್ಪು ಎಂದು ನಾನು ಹೇಳುತ್ತಿಲ್ಲ. ದನ ಮೇಯಿಸಲು ಹೋದ ರೈತನ ಜೀವಕ್ಕಿಂತ ಸಫಾರಿ ದೊಡ್ಡದಲ್ಲ. ಆದರೆ ಸಾಲ ಮಾಡಿ ಕೋರ್ಸ್ ಮಾಡಿದವನಿಗೆ ಕಾಡು ಮುಚ್ಚಿದ ತಿಂಗಳಲ್ಲೂ ಕಂತು ಕಟ್ಟುವುದು ತಪ್ಪುವುದಿಲ್ಲ.

ಹಾಗಾದರೆ ತರಬೇತಿಯೇ ಬೇಡವೇ? ಹಾಗೆ ಹೇಳಿದರೂ ತಪ್ಪಾಗುತ್ತದೆ. ಒಳ್ಳೆಯ ಗೈಡ್‌ಗೆ ಗೊತ್ತಿರಬೇಕಾದ್ದು ಬಹಳ ಇದೆ. ಮರದ ಮೇಲಿನ ಮುಸುವ ಕೂಗಿದ್ದು ಹುಲಿಗೋ ಬೇರೆ ಯಾವುದಕ್ಕೋ, ಜಿಂಕೆ ಕೂಗಿದ ಮೇಲೆ ಕಡವೆಯೂ ಕೂಗಿತೇ, ಹೆಜ್ಜೆ ಗುರುತು ಇಂದಿನದೋ ನಿನ್ನೆಯದೋ ಎಂದು ತಿಳಿಯಬೇಕು. ಆನೆ ಕಿವಿ ಅಗಲಿಸಿ ನಿಂತಾಗ ಜೀಪು ಎಲ್ಲಿ ನಿಲ್ಲಬೇಕು ಎಂದು ಗೊತ್ತಿರಬೇಕು. ಪ್ರಥಮ ಚಿಕಿತ್ಸೆ ಬರಬೇಕು. ಇನ್ನೂ ಹತ್ತಿರ ಹೋಗಿ ಎಂದು ಒತ್ತಾಯಿಸುವ ದೊಡ್ಡ ಮನುಷ್ಯರಿಗೆ ನಗುತ್ತಲೇ ಆಗುವುದಿಲ್ಲ ಎನ್ನಲು ಬರಬೇಕು. ಹುಲಿ ಕಾಣದ ದಿನವೂ ಗೆದ್ದಲು ಹುತ್ತ, ಮರಕುಟಿಗ ತೋರಿಸಿ ಜನರನ್ನು ಸಂತೋಷಪಡಿಸಬೇಕು. ಇದೆಲ್ಲ ತಾನಾಗಿ ಬರುವುದಿಲ್ಲ, ಯಾರಾದರೂ ಕಲಿಸಬೇಕು. ಆದರೆ ಇದರಲ್ಲಿ ಎಷ್ಟು ತರಗತಿಯಲ್ಲಿ ಬರುತ್ತದೆ, ಎಷ್ಟು ಕಾಡಿನಲ್ಲಿ ಬರುತ್ತದೆ? ಕಾಡಂಚಿನ ಹಾಡಿಯ ಜೇನುಕುರುಬ ಹುಡುಗನಿಗೆ ಇದರಲ್ಲಿ ಬಹಳಷ್ಟು ಹತ್ತು ವರ್ಷಕ್ಕೇ ಗೊತ್ತಿರುತ್ತದೆ. ಅವನ ಹತ್ತಿರ ಸರ್ಟಿಫಿಕೇಟ್ ಇರುವುದಿಲ್ಲ, ಇಂಗ್ಲಿಷ್ ಇರುವುದಿಲ್ಲ ಅಷ್ಟೇ. ಪೇಟೆಯಿಂದ ಹೋಗುವ ನಾವು ಮೊದಲು ಅವನ ಹತ್ತಿರ ಕಲಿಯಬೇಕು, ಆಮೇಲೆ ಅವನ ಕೆಲಸಕ್ಕೆ ಅಡ್ಡ ಬರಬಾರದು. ಇದನ್ನೂ ಲೆಕ್ಕದಲ್ಲಿ ಬರೆದುಕೊಳ್ಳಬೇಕು ಎಂದು ನನ್ನ ಅಭಿಪ್ರಾಯ.

ಹಾಗಾಗಿ ಭಾಯಿಗೆ ನಾನು ಹೇಳಿದ್ದು ಹೀಗೆ. ಈಗಲೇ ಶುಲ್ಕ ಕಟ್ಟಬೇಡಿ. ಮೊದಲು ಒಂದು ಸೀಸನ್ ಯಾವುದಾದರೂ ಕಾಡಂಚಿನ ರೆಸಾರ್ಟ್‌ನಲ್ಲಿ ಯಾವ ಕೆಲಸ ಸಿಕ್ಕರೂ ಮಾಡಿ. ಬೆಳಗಿನ ಜಾವ ಎದ್ದು, ಅತಿಥಿಗಳ ಕೋಪ ಸಹಿಸಿ, ಹಬ್ಬಕ್ಕೂ ಮನೆಗೆ ಬರಲಾಗದೆ ಆರು ತಿಂಗಳು ಕಳೆದ ಮೇಲೂ ಕಾಡು ಬೇಕು ಅನ್ನಿಸಿದರೆ ಆಗ ಕೋರ್ಸ್ ಮಾತಾಡೋಣ. ಅಷ್ಟರಲ್ಲಿ ಪದವಿಯನ್ನು ಮುಕ್ತ ವಿಶ್ವವಿದ್ಯಾಲಯದಲ್ಲಿ ಕಟ್ಟಿಕೊಳ್ಳಿ, ಅದು ನಮ್ಮ ಮೈಸೂರಿನಲ್ಲೇ ಇದೆ. ಕಾಡು ಮುಚ್ಚಿದರೆ ಕೈಯಲ್ಲಿ ಇನ್ನೊಂದು ದಾರಿ ಇರುತ್ತದೆ.

ಕೋರ್ಸ್ ಸೇರುವ ದಿನ ಬಂದರೆ ಸಂಸ್ಥೆಯವರಿಗೆ ಕೇಳಲು ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಒಟ್ಟು ದಿನಗಳಲ್ಲಿ ಕಾಡಿನಲ್ಲಿ ಕಳೆಯುವುದು ಎಷ್ಟು? ಕಲಿಸುವವರು ಸ್ವತಃ ಎಷ್ಟು ವರ್ಷ ಗೈಡ್ ಆಗಿದ್ದರು? ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಅವರ ಜೊತೆ ಮಾತಾಡಬಹುದೇ? ಕಾಡು ಮುಚ್ಚಿ ತರಬೇತಿ ನಿಂತರೆ ಹಣ ವಾಪಸ್ ಕೊಡುತ್ತೀರಾ? ಭಾಯಿ ಅಲ್ಲೇ ಕೂತು ಜಾಹೀರಾತಿನ ನಂಬರಿಗೆ ಫೋನ್ ಮಾಡಿ ಮೂರನೆಯ ಪ್ರಶ್ನೆ ಕೇಳಿದರು. ಆ ಕಡೆಯವರು ಆಫೀಸಿಗೆ ಬನ್ನಿ, ಕೂತು ಮಾತಾಡೋಣ ಎಂದರು. ಖಾಲಾ ಅಂದು ಮೊದಲ ಸಲ ನಕ್ಕರು.

ಖರ್ಚಿಲ್ಲದೆ ಕಲಿಯಲು ನಮ್ಮೂರಿನಲ್ಲೇ ಎಷ್ಟೊಂದಿದೆ. ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ, ಸ್ವಲ್ಪ ದೂರದಲ್ಲಿ ರಂಗನತಿಟ್ಟು. ಹಕ್ಕಿಯ ಕೂಗು ಕೇಳಿಸಿದರೆ ಹೆಸರು ಸೂಚಿಸುವ ಮರ್ಲಿನ್ ಆ್ಯಪ್ ಉಚಿತ. ಪ್ರತಿ ಫೆಬ್ರವರಿಯಲ್ಲಿ ಪ್ರಪಂಚದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು. ನಮ್ಮಂಥ ಮನೆಯ ಮಕ್ಕಳಲ್ಲಿ ಇನ್ನೂ ಒಂದು ಆಸ್ತಿ ಇದೆ, ಅದನ್ನು ನಾವು ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ದೆಹಲಿಯಿಂದ ಬಂದ ಪ್ರವಾಸಿಗೂ ಹಾಡಿಯ ಹಿರಿಯರಿಗೂ ನಡುವೆ ನಿಂತು ಮಾತಾಡಬಲ್ಲ ಗೈಡ್‌ಗೆ ಈ ಮೂರು ಭಾಷೆಯೇ ಅರ್ಧ ತರಬೇತಿ.

ನಮ್ಮ ಕಾಲೇಜಿಗೂ ಒಂದು ಮನವಿ. ವೃತ್ತಿ ಮಾರ್ಗದರ್ಶನದ ದಿನ ಪ್ರತಿ ವರ್ಷ ಸಿಎ ಮತ್ತು ಬ್ಯಾಂಕಿನವರನ್ನು ಕರೆಯುತ್ತೀರಿ. ಅವರ ಜೊತೆ ಒಮ್ಮೆ ಒಬ್ಬ ಅರಣ್ಯ ವಾಚರ್ ಅವರನ್ನೋ, ಹಳೆಯ ಸಫಾರಿ ಗೈಡ್ ಅವರನ್ನೋ ಕರೆಯಿರಿ. ವರ್ಷಕ್ಕೊಮ್ಮೆ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ, ಬರೀ ಫೋಟೋಗೆ ಅಲ್ಲ, ಹಕ್ಕಿ ಎಣಿಸಲು. ಜಾಹೀರಾತು ನೋಡಿ ಮನೆಯ ಚೀಟಿ ಎತ್ತುವ ಮೊದಲು ಒಬ್ಬ ವಿದ್ಯಾರ್ಥಿಗೆ ನಿಜ ಏನೆಂದು ಕೇಳಲು ಒಬ್ಬರಾದರೂ ಸಿಗಬೇಕು.

ಭಾಯಿ ಮುಂದಿನ ತಿಂಗಳು ಕಾಡಂಚಿನ ಒಂದು ರೆಸಾರ್ಟ್‌ಗೆ ಅಡುಗೆಮನೆ ಸಹಾಯಕರಾಗಿ ಹೋಗುತ್ತಿದ್ದಾರೆ. ಬೆಳಿಗ್ಗೆ ಕೆಲಸ ಇಲ್ಲದಾಗ ಗೈಡ್‌ಗಳ ಜೊತೆ ಓಡಾಡಲು ಮ್ಯಾನೇಜರ್ ಒಪ್ಪಿದ್ದಾರಂತೆ. ಚೀಟಿ ಹಾಗೇ ಇದೆ. ಮಾಮು ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ಬಂದಾಗ ಭಾಯಿಗೆ ಒಂದು ಹಳೆಯ ಬೈನಾಕ್ಯುಲರ್ ತಂದುಕೊಟ್ಟು, 'ಸಂಭಾಲ್ ಕೆ ರಖ್' ಎಂದರು.